ಉಂಗುರದ ಒಳಮೈಯಲ್ಲಿ ಕೆತ್ತಿದ್ದು

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ತಟ್ಟೆಯಿದೆ. ಅದರ ಅಂಚಿನ ಕೆಳಗೆ, ಪಾತ್ರೆ ಅಂಗಡಿಯ ಮಿಷನ್ನು ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು: ‘ಕೆ.ಎಸ್.ಆರ್. ಸ್ಮರಣಾರ್ಥ’. ಪಕ್ಕದಲ್ಲಿ ಅರ್ಧ ಅಳಿಸಿಹೋದ ತಾರೀಖು. ಯಾರದೋ ವೈಕುಂಠ ಸಮಾರಾಧನೆಯ ಊಟ ಮುಗಿಸಿ ಹೊರಡುವಾಗ ಕೈಗೆ ಕೊಟ್ಟದ್ದು. ಯಾರದು ಅಂತ ಅಮ್ಮನನ್ನು ಕೇಳಿದರೆ “ನಿಮ್ಮಪ್ಪನ ಕಡೆಯೋರಿರಬೇಕು” ಅನ್ನುತ್ತಾರೆ, ಅಪ್ಪ “ನಿಮ್ಮಮ್ಮನ ಕಡೆಯೋರು” ಅನ್ನುತ್ತಾರೆ. ತಟ್ಟೆ ಮಾತ್ರ ಇಷ್ಟೂ ವರ್ಷ ತರಕಾರಿ ಹೆಚ್ಚಿಡಲು ಒದಗುತ್ತಲೇ ಇದೆ.

ಇಂಗ್ಲೆಂಡಿನಲ್ಲಿ ಮುನ್ನೂರು ವರ್ಷದ ಹತ್ತಿರ ಹತ್ತಿರ ಈ ತಟ್ಟೆಯ ಕೆಲಸವನ್ನು ಚಿನ್ನದ ಉಂಗುರ ಮಾಡಿತು. ಸತ್ತವರ ಹೆಸರು, ತೀರಿಕೊಂಡ ದಿನ, ವಯಸ್ಸು ಕೆತ್ತಿಸಿ ನೆಂಟರಿಗೂ ಸ್ನೇಹಿತರಿಗೂ ಹಂಚುತ್ತಿದ್ದ ಶೋಕದುಂಗುರ. ಇವು ಇವತ್ತು ಹರಾಜಿನಲ್ಲಿ, ಹಳೆ ಸಾಮಾನಿನ ಅಂಗಡಿಗಳಲ್ಲಿ, ಅಜ್ಜಿಯರ ಪೆಟ್ಟಿಗೆಗಳಲ್ಲಿ ಸಿಗುತ್ತವೆ. ಜೊತೆಗೆ ಹಳೆಯ ಗಡಿಯಾರದ ಸರಪಳಿಯಲ್ಲಿ ತೂಗುತ್ತಿದ್ದ ಮುದ್ರೆಗಳೂ ಸಿಗುತ್ತವೆ. ವಂಶಾವಳಿ ಹುಡುಕುವವರಿಗೆ ಇವೆರಡೂ ದೊಡ್ಡ ಆಸೆ ಹುಟ್ಟಿಸುವ ವಸ್ತುಗಳು, ಅಷ್ಟೇ ಸುಲಭವಾಗಿ ದಾರಿ ತಪ್ಪಿಸುವಂಥವೂ ಹೌದು. ಅವನ್ನು ಓದುವುದು ಹೇಗೆ ಅನ್ನುವುದೇ ಇಲ್ಲಿಯ ವಿಷಯ.

ವಿಲಿಯಂ ಷೇಕ್ಸ್‌ಪಿಯರ್‌ನ ಉಯಿಲಿನಿಂದ ಶುರುಮಾಡೋಣ. 1616ರ ಮಾರ್ಚ್ 25ರ ತಾರೀಖು ಹೊತ್ತ ಆ ಕಾಗದದಲ್ಲಿ, ಮೊದಲೇ ಬರೆದಿದ್ದ ಸಾಲುಗಳ ಸಂದಿಯಲ್ಲಿ ಆಮೇಲೆ ನೆನಪಾದಂತೆ ಒಂದು ಮಾತು ತೂರಿಸಿದ್ದಾರೆ. ತನ್ನ ನಾಟಕ ಕಂಪನಿಯ ಜೊತೆಗಾರರಾದ ಜಾನ್ ಹೆಮಿಂಜಸ್, ರಿಚರ್ಡ್ ಬರ್ಬೇಜ್, ಹೆನ್ರಿ ಕಾಂಡೆಲ್ ಮೂವರಿಗೂ ತಲಾ 26 ಷಿಲ್ಲಿಂಗ್ 8 ಪೆನ್ಸ್, ಉಂಗುರ ಕೊಳ್ಳಲಿಕ್ಕೆ. ತಿಂಗಳು ತುಂಬುವ ಮೊದಲೇ, ಏಪ್ರಿಲ್ 23ಕ್ಕೆ, ಅವನು ತೀರಿಕೊಂಡ. ಬರ್ಬೇಜ್ 1619ರಲ್ಲಿ ಹೋದ. ಉಳಿದಿಬ್ಬರು 1623ರಲ್ಲಿ ಗೆಳೆಯನ 36 ನಾಟಕಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದರು. ಉಂಗುರದ ದುಡ್ಡಿಗೆ ಇದಕ್ಕಿಂತ ದೊಡ್ಡ ಬಡ್ಡಿ ಬಂದದ್ದು ನನಗಂತೂ ಗೊತ್ತಿಲ್ಲ. ಅದೇ ಉಯಿಲಿನ ಕೊನೆಯಲ್ಲಿ ಒಂದು ಪದವನ್ನು ಹೊಡೆದುಹಾಕಿದ್ದಾರೆ. ಅದರ ಸುದ್ದಿ ಆಮೇಲೆ.

ಈ ಪದ್ಧತಿ ಎಷ್ಟು ಲೆಕ್ಕಾಚಾರದ್ದು ಅನ್ನುವುದಕ್ಕೆ ಸ್ಯಾಮ್ಯುಯೆಲ್ ಪೀಪ್ಸ್ ಸಾಕ್ಷಿ. ಇಂಗ್ಲೆಂಡಿನ ನೌಕಾ ಇಲಾಖೆಯಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಅವನು 1703ರಲ್ಲಿ ಸತ್ತಾಗ ನೂರಕ್ಕೂ ಹೆಚ್ಚು ಉಂಗುರ ಹಂಚಿದರು. ಬೆಲೆ ಮೂರು ತರ: 20 ಷಿಲ್ಲಿಂಗ್, 15 ಷಿಲ್ಲಿಂಗ್, 10 ಷಿಲ್ಲಿಂಗ್. ಯಾರಿಗೆ ಯಾವುದು ಅನ್ನುವುದು ಬಂಧುತ್ವ ಮತ್ತು ಅಂತಸ್ತಿನ ಮೇಲೆ. ನಮ್ಮಲ್ಲೂ ಬೀಗರಿಗೆ ಬೆಳ್ಳಿ ಬಟ್ಟಲು, ಬೀದಿಯವರಿಗೆ ಸ್ಟೀಲ್ ಲೋಟ ನಡೆಯುತ್ತದಲ್ಲ, ಹಾಗೆ. ಇಂಥ ಪಟ್ಟಿ ಕೈಗೆ ಸಿಕ್ಕರೆ ಅದು ಒಬ್ಬ ಮನುಷ್ಯನ ನೆಂಟಸ್ತನದ ನಕ್ಷೆಯೇ ಸರಿ. ಅಟ್ಲಾಂಟಿಕ್‌ನ ಆಚೆಗೂ ಇದು ಹೋಗಿತ್ತು. 1799ರಲ್ಲಿ ತೀರಿಕೊಂಡ ಜಾರ್ಜ್ ವಾಷಿಂಗ್ಟನ್ ತನ್ನ ಉಯಿಲಿನಲ್ಲಿ ನಾದಿನಿ-ಅತ್ತಿಗೆಯರಿಗೂ ಕೆಲವು ಸ್ನೇಹಿತೆಯರಿಗೂ ತಲಾ 100 ಡಾಲರ್ ಬೆಲೆಯ ಶೋಕದುಂಗುರ ಬರೆದಿಟ್ಟಿದ್ದ. ದಾರ್ಶನಿಕ ಜೆರೆಮಿ ಬೆಂಥಾಮ್ ತನ್ನ ನೆರಳುಚಿತ್ರವೂ ತನ್ನದೇ ಕೂದಲೂ ಇರುವ 26 ಉಂಗುರಗಳನ್ನು ಬದುಕಿದ್ದಾಗಲೇ ಮಾಡಿಸಿಟ್ಟಿದ್ದ.

ಕೂದಲು ಅಂದಕೂಡಲೇ ನಮ್ಮವರ ಮುಖ ಸಿಂಡರಿಸುತ್ತದೆ. ಅನ್ನದಲ್ಲಿ ಒಂದೆಳೆ ಸಿಕ್ಕರೆ ಎಲೆ ಬಿಟ್ಟು ಏಳುವವರು ನಾವು. ಸತ್ತವರ ಮನೆಯಲ್ಲಿ ಗಂಡಸರು ತಲೆ ಬೋಳಿಸಿಕೊಂಡು ಕೂದಲನ್ನು ಕಳೆದುಬಿಡುತ್ತಾರೆ, ಅಸ್ಥಿಯನ್ನೂ ನೀರಿಗೆ ಬಿಡುತ್ತಾರೆ. ಏನೂ ಉಳಿಯಬಾರದು. ಅಲ್ಲಿ ಹಾಗಲ್ಲ. ಸತ್ತವರ ಒಂದು ಗುಂಗುರನ್ನು ಕತ್ತರಿಸಿಕೊಂಡು, ಜಡೆ ಹೆಣೆದು, ಗಾಜಿನ ಕೆಳಗೆ ಕೂರಿಸಿ ಎದೆಯ ಮೇಲೆ ಧರಿಸುತ್ತಿದ್ದರು. ಮೈಯೆಲ್ಲ ಕರಗಿಹೋದರೂ ಕೂದಲು ಕೊಳೆಯದೆ ಹಾಗೇ ಇರುತ್ತದೆ ಅನ್ನುವುದೇ ಕಾರಣ. 18ನೇ ಶತಮಾನದ ಕೊನೆಯಲ್ಲಂತೂ ಕೂದಲನ್ನು ಸಣ್ಣಗೆ ಪುಡಿಮಾಡಿ ಬಣ್ಣದಲ್ಲಿ ಬೆರೆಸಿ, ಉಗುರಿನಗಲದ ದಂತದ ಬಿಲ್ಲೆಯ ಮೇಲೆ ಗೋರಿ, ಅಸ್ಥಿಯ ಹೂಜಿ, ಬಾಗಿದ ಮರ, ಒರಗಿ ನಿಂತ ಹೆಂಗಸು, ಇಷ್ಟೂ ಬರೆಯುತ್ತಿದ್ದರು. ಒಂದು ಎಚ್ಚರಿಕೆ: ಕೂದಲಿದ್ದ ಮಾತ್ರಕ್ಕೆ ಅದು ಶೋಕದ್ದಲ್ಲ. ಪ್ರೇಮಿಗಳು ಕೊಟ್ಟುಕೊಂಡದ್ದೂ ಉಂಟು, ಹೆಂಡತಿ ತನ್ನ ಕೂದಲಲ್ಲೇ ಗಂಡನ ಗಡಿಯಾರಕ್ಕೆ ಸರಪಳಿ ಹೆಣೆಸಿದ್ದೂ ಉಂಟು. ಸತ್ತ ದಿನವೋ ಕಪ್ಪು ಎನಾಮಲ್ಲೋ ಹೂಜಿಯ ಚಿತ್ರವೋ ಇದ್ದರೆ ಮಾತ್ರ ಸಾವಿನ ಮಾತು. ಇನ್ನೊಂದು ಎಚ್ಚರಿಕೆ ಇಂಥ ಒಡವೆ ಕೈಯಲ್ಲಿರುವವರಿಗೆ. ಅಂಟುವಾಳದ ನೀರಲ್ಲಿ ಅದ್ದಿ ಉಜ್ಜಬೇಡಿ. ಗಾಜಿನ ಅಡಿಗೆ ತೇವ ಇಳಿದರೆ ಇನ್ನೂರು ವರ್ಷ ಉಳಿದದ್ದು ಒಂದು ಮಧ್ಯಾಹ್ನಕ್ಕೆ ಹಾಳಾಗುತ್ತದೆ.

ಈಗ ಉಂಗುರದ ಒಳಮೈಗೆ ಬರೋಣ. ಭೂತಗನ್ನಡಿ ಹಿಡಿದರೆ ಹೆಸರು, ತಾರೀಖು, ಒಂದು ಸಂಖ್ಯೆ ಕಾಣುತ್ತವೆ. ನಮ್ಮ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನಕ್ಕೆ ಹೋದವರಿಗೆ ಈ ಕ್ರಮ ಗೊತ್ತಿರುತ್ತದೆ. ಅಲ್ಲಿಯ ಗೋರಿಗಲ್ಲುಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ, ಉಂಗುರದಲ್ಲಿ ಜಾಗ ಕಡಿಮೆ ಅಷ್ಟೆ. ಅದಕ್ಕೇ ಸಂಕ್ಷೇಪ. ಲ್ಯಾಟಿನ್ನಿನ ‘ಒಬ್’ ಅಂದರೆ ತೀರಿಕೊಂಡದ್ದು, ‘ಏಟ್’ ಅಂದರೆ ವಯಸ್ಸು. ಮೊದಲ ಗುಂಡಿ ಇಲ್ಲೇ ಇದೆ. ‘ಏಟ್ 63’ ಅಂದರೆ ಕಟ್ಟುನಿಟ್ಟಾಗಿ ನೋಡಿದರೆ 63ನೇ ವರ್ಷ ನಡೆಯುತ್ತಿತ್ತು ಎಂದು, ಅಂದರೆ ತುಂಬಿದ್ದು 62. ‘ತುಂಬಿತು’, ‘ನಡೀತಿದೆ’ ಎರಡನ್ನೂ ಬೇರೆ ಬೇರೆಯಾಗಿ ಎಣಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಕ್ಕಸಾಲಿಗಳು ಎರಡನ್ನೂ ಕಲಸಿಬಿಟ್ಟಿದ್ದಾರೆ. ಹಾಗಾಗಿ ಹುಟ್ಟಿದ ವರ್ಷ ಹುಡುಕುವಾಗ ಒಂದು ವರ್ಷ ಆಚೆ ಈಚೆ ನೋಡಲೇಬೇಕು.

ಎರಡನೆಯ ಗುಂಡಿ ಇನ್ನೂ ಆಳ. ಇಂಗ್ಲೆಂಡಿನ ಕಾನೂನಿನ ಹೊಸ ವರ್ಷ 1751ರವರೆಗೂ ಜನವರಿ 1ಕ್ಕೆ ಶುರುವಾಗುತ್ತಿರಲಿಲ್ಲ, ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಯುಗಾದಿಗೆ ಸಂವತ್ಸರ ಬದಲಾಗುವವರೆಗೆ ಸಂಕ್ರಾಂತಿಯೂ ಶಿವರಾತ್ರಿಯೂ ಹಳೆಯ ಸಂವತ್ಸರದ ಲೆಕ್ಕಕ್ಕೇ ಸೇರುತ್ತವಲ್ಲ, ಅದೇ ತರ. ದೊರೆ ಒಂದನೇ ಚಾರ್ಲ್ಸ್‌ನ ತಲೆ ಕಡಿದದ್ದು ನಮ್ಮ ಲೆಕ್ಕದಲ್ಲಿ 1649ರ ಜನವರಿ 30. ಆದರೆ ಅವನ ಮರಣದಂಡನೆಯ ಆಜ್ಞಾಪತ್ರದಲ್ಲೇ ಇಸವಿ 1648 ಎಂದಿದೆ. ಅವನ ಕಡೆಯವರು ಆ ದೊರೆಯ ಪುಟ್ಟ ಚಿತ್ರವಿರುವ ಉಂಗುರಗಳನ್ನು ಕದ್ದುಮುಚ್ಚಿ ತೊಡುತ್ತಿದ್ದರು. ಶೋಕದುಂಗುರದ ರೂಢಿ ಬಲಿಯುವುದಕ್ಕೆ ಅದೂ ಒಂದು ಕಾರಣ. ಒಟ್ಟಿನಲ್ಲಿ 1752ಕ್ಕೆ ಮುಂಚಿನ ಉಂಗುರದಲ್ಲಿ ಜನವರಿ, ಫೆಬ್ರುವರಿ ಅಥವಾ ಮಾರ್ಚ್ 24ರವರೆಗಿನ ಸಾವು ಕಂಡರೆ ಚರ್ಚಿನ ದಾಖಲೆಯನ್ನು ಎರಡು ವರ್ಷಗಳಲ್ಲಿ ಹುಡುಕಬೇಕು. ಇದು ತಿಳಿಯದೆ ‘ಗಂಡ ಸತ್ತು ಒಂದು ವರ್ಷದ ಮೇಲೆ ಮಗು ಹುಟ್ಟಿದೆ’ ಎಂದು ಮುತ್ತಜ್ಜಿಯ ಮೇಲೆ ಸುಮ್ಮನೆ ಅಪವಾದ ಹೊರಿಸಿಬಿಡಬಹುದು.

ಮೂರನೆಯ ಸಾಕ್ಷಿ ಹಾಲ್‌ಮಾರ್ಕ್. ನಾವು ಈಚೆಗೆ ಕಂಡ ಬಿಐಎಸ್ ಗುರುತಿನ ಅಜ್ಜ ಇದು. ಇಂಗ್ಲೆಂಡಿನ ಗುರುತುಗಳಲ್ಲಿ ಮಾಡಿದವನ ಮೊದಲಕ್ಷರ, ಚಿನ್ನದ ಮಟ್ಟ, ಊರು (ಚಿರತೆಯ ತಲೆಯಾದರೆ ಲಂಡನ್, ಲಂಗರಾದರೆ ಬರ್ಮಿಂಗ್‌ಹ್ಯಾಮ್), ಮತ್ತು ವರ್ಷಕ್ಕೊಂದು ಅಕ್ಷರ ಇರುತ್ತವೆ. 1784ರಿಂದ 1890ರವರೆಗೆ ಸುಂಕ ಕಟ್ಟಿದ್ದಕ್ಕೆ ದೊರೆಯ ತಲೆಯೂ ಒಂದು. 9, 12, 15 ಕ್ಯಾರಟ್ಟಿನ ಕಡಿಮೆ ಮಟ್ಟಗಳಿಗೆ ಒಪ್ಪಿಗೆ ಬಂದದ್ದು 1854ರಲ್ಲಿ. ಹಾಗಾಗಿ ‘1820ರ’ ಉಂಗುರದ ಮೇಲೆ 15 ಕ್ಯಾರಟ್ ಗುರುತಿದ್ದರೆ ಮಾರುವವನ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಗುರುತಿನ ವರ್ಷವೂ ಸಾವಿನ ವರ್ಷವೂ ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ಅಂಗಡಿಯಲ್ಲಿ ಕಪ್ಪು ಎನಾಮಲ್ಲಿನ ‘ನೆನಪಿಗಾಗಿ’ ಉಂಗುರಗಳು ಸಿದ್ಧವಾಗಿಯೇ ಸಿಗುತ್ತಿದ್ದವು, ಹೆಸರನ್ನು ಆಮೇಲೆ ಒಳಗೆ ಕೆತ್ತುತ್ತಿದ್ದರು. ಹಾಗಾಗಿ ಗುರುತು ಸಾವಿಗಿಂತ ಕೆಲವು ವರ್ಷ ಹಳೆಯದಾಗಿರಬಹುದು. ಗುರುತೇ ಬಹಳ ಈಚಿನದಾದರೆ ಮಾತ್ರ, ಯಾರೋ ಮಗಳೋ ಮೊಮ್ಮಗಳೋ ತಡವಾಗಿ ಮಾಡಿಸಿದ್ದಾರೆ ಎಂದರ್ಥ. ಅದೂ ಒಂದು ಸುದ್ದಿಯೇ.

ಬಣ್ಣಕ್ಕೂ ಭಾಷೆಯಿತ್ತು. ಕಪ್ಪು ಎನಾಮಲ್ ಸಾಮಾನ್ಯ, ಬಿಳಿಯದಾದರೆ ಮಗುವೋ ಮದುವೆಯಾಗದವರೋ ಇರುವುದು ಹೆಚ್ಚು. 17ನೇ ಶತಮಾನದಲ್ಲಿ ತಲೆಬುರುಡೆ, ಎಲುಬು. 1770ರ ಸುಮಾರಿನಿಂದ ಹೂಜಿ, ಜೋಲುವ ವಿಲ್ಲೋ ಮರ. 19ನೇ ಶತಮಾನದಲ್ಲಿ ಅಗಲ ಕಪ್ಪು ಪಟ್ಟಿ. ಅಕ್ಷರ ಸವೆದಿದ್ದರೂ ಚಿತ್ರ ನೋಡಿಯೇ ಕಾಲವನ್ನು ಅಂದಾಜು ಮಾಡಬಹುದು. 1861ರ ಡಿಸೆಂಬರ್ 14ಕ್ಕೆ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಿಡಲಿಲ್ಲ. ದೇಶವೇ ಕಪ್ಪು ತೊಟ್ಟಿತು. ಯಾರ್ಕ್‌ಷೈರ್ ಕರಾವಳಿಯ ವ್ಹಿಟ್ಬಿ ಊರಿನ ಜೆಟ್ ಎಂಬ ಕಲ್ಲಿಗೆ ಆಗ ಬಂತು ನೋಡಿ ಬೇಡಿಕೆ. ನಿಜಕ್ಕೂ ಅದು ಕಲ್ಲಲ್ಲ, ಸುಮಾರು 18 ಕೋಟಿ ವರ್ಷ ಹಳೆಯ ಮರ. ಕೈಗೆ ಹಗುರ, ಮುಟ್ಟಿದರೆ ತಣ್ಣಗಿರುವುದಿಲ್ಲ. ‘ಫ್ರೆಂಚ್ ಜೆಟ್’ ಎಂದು ಮಾರಿದ್ದು ಕರಿ ಗಾಜು, ಅದು ಭಾರ ಮತ್ತು ತಣ್ಣಗೆ. ಗಟ್ಟಿ ರಬ್ಬರಿನ ವಲ್ಕನೈಟ್ ಬೆಳಕಿಗೆ ಕಂದು ತಿರುಗುತ್ತದೆ. ಕರಿಗಾಜಿನ ಮಣಿ ನಮ್ಮಲ್ಲಿ ಕರಿಮಣಿಯಾಗಿ ಮುತ್ತೈದೆಯ ಕೊರಳಿಗೆ, ಅಲ್ಲಿ ಅಂಥದ್ದೇ ಮಣಿ ವಿಧವೆಯ ಕೊರಳಿಗೆ!

ಇಷ್ಟೆಲ್ಲ ಓದಿಯಾದ ಮೇಲೆ ಕಾಗದ. ಉಂಗುರ ಒಬ್ಬನ ಸಾವನ್ನು ಹೇಳುತ್ತದೆ, ಅವನು ನಿಮಗೆ ಏನಾಗಬೇಕು ಎಂದು ಹೇಳುವುದಿಲ್ಲ. ಉಯಿಲು ಹೇಳುತ್ತದೆ. ‘ನನ್ನ ತಂಗಿಯ ಗಂಡನಿಗೆ ಉಂಗುರಕ್ಕೆಂದು ಇಷ್ಟು’ ಎಂಬ ಒಂದು ಸಾಲು ಮೂರು ತಲೆಮಾರನ್ನು ಜೋಡಿಸಿಬಿಡುತ್ತದೆ. 1858ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಉಯಿಲುಗಳು ಚರ್ಚಿನ ನ್ಯಾಯಾಲಯಗಳಿಗೆ ಹೋಗುತ್ತಿದ್ದವು. ಅವುಗಳಲ್ಲಿ ದೊಡ್ಡದಾದ ಕ್ಯಾಂಟರ್‌ಬರಿ ನ್ಯಾಯಾಲಯದ ಉಯಿಲುಗಳು ಈಗ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಸರ್ಕಾರದ ಜನನ ಮರಣ ನೋಂದಣಿ ಶುರುವಾದದ್ದು 1837ರ ಜುಲೈಯಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಬೆಂಗಳೂರಲ್ಲೋ ಶ್ರೀರಂಗಪಟ್ಟಣದಲ್ಲೋ ಸತ್ತ ಕಂಪನಿ ಸಿಪಾಯಿಯ ಉಂಗುರವಾದರೆ ಮದರಾಸು ಪ್ರಾಂತ್ಯದ ಚರ್ಚು ದಾಖಲೆಗಳನ್ನು ನೋಡಬೇಕು, ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಮುದ್ರೆಯ ಕತೆ ಬೇರೆ. ಉಂಗುರ ಒಂದು ಸಾವಿಗೆ ಒಮ್ಮೆ ಮಾಡಿದ್ದು, ಮುದ್ರೆ ಬದುಕಿದ್ದವನು ದಿನಾ ಒತ್ತಿದ್ದು. ಲಂಕೆಯಲ್ಲಿ ಸೀತೆ ಹನುಮಂತನನ್ನು ನಂಬಿದ್ದು ಮುದ್ರೆಯುಂಗುರ ನೋಡಿ. ನಮ್ಮ ನಾಡಿನ ತಾಮ್ರಶಾಸನಗಳ ಬಳೆಗೆ ಗಂಗರು ಆನೆಯ, ಬಾದಾಮಿಯ ಚಾಲುಕ್ಯರು ವರಾಹದ ಮುದ್ರೆ ಬೆಸೆದರು. ಯುರೋಪಿನ ಸಾಮಾನ್ಯ ವ್ಯಾಪಾರಿಗೂ ಮುದ್ರೆ ಬೇಕಾಗಿದ್ದು ಟಪಾಲಿನಿಂದ. 1840ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಕಾಗದಕ್ಕೆ ಹಾಳೆಯ ಲೆಕ್ಕದಲ್ಲಿ ದರ, ಲಕೋಟೆಯೂ ಒಂದು ಹಾಳೆ. ಯಾರು ಎರಡರಷ್ಟು ಕೊಡುತ್ತಾರೆ? ಬರೆದ ಹಾಳೆಯನ್ನೇ ಮಡಿಚಿ ಅರಗು ಹನಿಸಿ ಮುದ್ರೆ ಒತ್ತುತ್ತಿದ್ದರು. 1840ರಲ್ಲಿ ತೂಕದ ಮೇಲೆ ಒಂದು ಪೆನ್ನಿ ದರ ಬಂತು, ಹಿಂದೆಯೇ ಅಂಟು ಹಚ್ಚಿದ ಲಕೋಟೆ ಬಂತು, ಮುದ್ರೆ ನಿಧಾನಕ್ಕೆ ಬರಿಯ ಒಡವೆಯಾಯಿತು. ಆ ಅರಗಿನ ಮೂಲವೂ ನಮ್ಮ ಕಡೆಯದೇ. ಮೊದಲು ಜೇನುಮೇಣದಲ್ಲಿ ಮಾಡುತ್ತಿದ್ದ ಮುದ್ರೆಮೇಣಕ್ಕೆ 16ನೇ ಶತಮಾನದಿಂದ ಭಾರತದ ಅರಗು ಸೇರಿತು. ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವ ಅದೇ ಅರಗು. ಮುದ್ರೆ ಕೆತ್ತಲು ಬಳಸಿದ ಕೆಂಪು ಕಾರ್ನೀಲಿಯನ್ ಕಲ್ಲೂ ಗುಜರಾತಿನ ಖಂಭಾತದಿಂದ ಬಹಳ ಹೋಗುತ್ತಿತ್ತು.

ಮುದ್ರೆ ಸಿಕ್ಕರೆ ಅದನ್ನೇ ದಿಟ್ಟಿಸಿ ಕೂರಬೇಡಿ, ಅದರಲ್ಲಿ ಎಲ್ಲ ತಿರುವುಮುರುವು. ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟಿನ ಉಂಡೆಗೆ ಚೂರು ಎಣ್ಣೆ ಸವರಿ ಒತ್ತಿ ತೆಗೆಯಿರಿ. ಓರೆಯಾಗಿ ಬೆಳಕು ಬಿಡಿ. ಈಗ ಮನೆತನದ ಲಾಂಛನ ಹೊತ್ತ ಗುರಾಣಿ ಎದ್ದು ಕಾಣುತ್ತದೆ. ಗುರಾಣಿಯ ಮೇಲಿನ ಗೆರೆಗಳು ಅಲಂಕಾರ ಅಲ್ಲ, ಬಣ್ಣ. 1638ರಲ್ಲಿ ಪೆತ್ರ ಸಂಕ್ತ ಎಂಬ ಪಾದ್ರಿ ಪ್ರಕಟಿಸಿದ ಕ್ರಮದಲ್ಲಿ ಚುಕ್ಕಿಗಳೆಂದರೆ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ, ನಿಂತ ಗೆರೆ ಕೆಂಪು, ಮಲಗಿದ ಗೆರೆ ನೀಲಿ, ಎರಡೂ ಹಾಯ್ದರೆ ಕಪ್ಪು. ಗುರಾಣಿ ನಡುವೆ ಸೀಳಿ ಎರಡು ಲಾಂಛನ ಅಕ್ಕಪಕ್ಕ ಇದ್ದರೆ ಒಂದು ಕಡೆ ಗಂಡನ ಮನೆ, ಇನ್ನೊಂದು ಕಡೆ ಹೆಂಡತಿಯ ತವರು. ಅಂದರೆ ಆ ಮುದ್ರೆ ಆ ಮದುವೆಗಿಂತ ಹಳೆಯದಲ್ಲ. ಗುರಾಣಿಯ ಬದಲು ವಜ್ರದ ಆಕಾರ ಇದ್ದರೆ ಮುದ್ರೆ ಹೆಂಗಸಿನದು, ವಿಧವೆ ಅಥವಾ ಅವಿವಾಹಿತೆ. ಮೂಲೆಯಲ್ಲಿ ಪುಟ್ಟ ಚಂದ್ರವಿದ್ದರೆ ಎರಡನೇ ಮಗನ ಶಾಖೆ, ನಕ್ಷತ್ರವಾದರೆ ಮೂರನೆಯವನದು, ಹಕ್ಕಿಯಾದರೆ ನಾಲ್ಕನೆಯವನದು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಇಷ್ಟು ಸಂಸಾರ.

ಇಲ್ಲೇ ಜನ ಮೋಸ ಹೋಗುವುದೂ. ಪೂರ್ತಿ ಲಾಂಛನದಲ್ಲಿ ಗುರಾಣಿಯ ಮೇಲೆ ಒಂದು ಶಿರಸ್ತ್ರಾಣ, ಅದರ ಮೇಲೊಂದು ಚಿಹ್ನೆ ಇರುತ್ತದೆ; ಆ ಚಿಹ್ನೆ ಮಾತ್ರ ಇರುವ ಮುದ್ರೆಗಳೇ ಹೆಚ್ಚು. ಸಿಂಹ, ಕೈ, ಹಕ್ಕಿ, ಇಂಥ ಒಂದೇ ಚಿಹ್ನೆಯನ್ನು ಹತ್ತಾರು ಮನೆತನಗಳು ಬಳಸಿವೆ. ‘ನಿಮ್ಮ ಅಡ್ಡಹೆಸರಿನ ಲಾಂಛನ’ ಎಂದು ಚೌಕಟ್ಟು ಹಾಕಿ ಮಾರುವುದು ಶುದ್ಧ ವ್ಯಾಪಾರ. ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಮತ್ತು ಅವನ ಗಂಡುಸಂತಾನದ ಸಾಲಿಗೆ ಸಲ್ಲುವುದು, ಅಡ್ಡಹೆಸರಿಗಲ್ಲ. ಒಡೆಯರ ಗಂಡಭೇರುಂಡವನ್ನು ಅರಸು ಎಂಬ ಹೆಸರಿನವರೆಲ್ಲ ತಮ್ಮದೆಂದ ಹಾಗೆ. ಜೊತೆಗೆ 1798ರಿಂದ 1944ರವರೆಗೆ ಲಾಂಛನ ಬಳಸಿದವರು ತೆರಿಗೆಯನ್ನೂ ಕಟ್ಟಬೇಕಿತ್ತು. ಲಾಂಛನವಿಲ್ಲದವರು ಮೊದಲಕ್ಷರ ಕೆತ್ತಿಸಿಕೊಂಡರು, ಇಲ್ಲವೇ ಅಂಗಡಿಯಲ್ಲಿ ಸಿಗುವ ‘ಮರೆಯಬೇಡ’ ಎಂಬಂಥ ಗಾಜಿನ ಮುದ್ರೆ ಕೊಂಡರು. ಅವುಗಳಿಂದ ವಂಶ ಹುಡುಕಲು ಹೋಗುವುದು ಜಾತ್ರೆಯಲ್ಲಿ ಕೊಂಡ ಬಳೆಯಿಂದ ಗೋತ್ರ ಹುಡುಕಿದಂತೆ.

ಮನೆಯವರು ಹೇಳಿಕೊಂಡು ಬಂದ ಮಾತಿಗಿಂತ ವಸ್ತು ಹೆಚ್ಚು ಬಲ್ಲದು ಅನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಮೊದಲನೆಯದು ಜರ್ಮನಿಯ ಸಂಗೀತಗಾರ ಬೀಥೋವನ್ನನದು. 1827ರಲ್ಲಿ ಅವನು ಸತ್ತಾಗ ಫರ್ಡಿನಂಡ್ ಹಿಲ್ಲರ್ ಎಂಬ ಹುಡುಗ ಕತ್ತರಿಸಿಕೊಂಡನೆಂದು ಹೇಳುವ ಕೂದಲು ಗಾಜಿನ ಪದಕದಲ್ಲಿ ತಂದೆಯಿಂದ ಮಗನಿಗೆ ಬಂದು ಲೋಕಪ್ರಸಿದ್ಧವಾಗಿತ್ತು. ಅದರಲ್ಲಿ ಸೀಸ ಸಿಕ್ಕಿತೆಂದು ಬೀಥೋವನ್ನನ ಕಾಯಿಲೆಗಳಿಗೆ ಸೀಸದ ವಿಷವೇ ಕಾರಣ ಎಂಬ ವಾದವೂ ಕಟ್ಟಿಕೊಂಡಿತ್ತು. 2023ರಲ್ಲಿ ಡಿಎನ್‌ಎ ಪರೀಕ್ಷೆಯಾಯಿತು. ಕೂದಲು ಒಬ್ಬ ಹೆಂಗಸಿನದು! ಪರೀಕ್ಷಿಸಿದ ಎಂಟು ಗೊಂಚಲುಗಳಲ್ಲಿ ಐದು ಒಬ್ಬನೇ ಗಂಡಸಿನವು, ಬೀಥೋವನ್ನನವೆಂದು ಒಪ್ಪಿದಂಥವು. ಅವುಗಳನ್ನು ಬೆಲ್ಜಿಯಮ್ಮಿನಲ್ಲಿ ಈಗಿರುವ ಅದೇ ಹೆಸರಿನ ವಂಶದ ಗಂಡಸರ ಜೊತೆ ಹೋಲಿಸಿದಾಗ ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತು ಹೊಂದಲೇ ಇಲ್ಲ. ಚರ್ಚಿನ ಪುಸ್ತಕದಲ್ಲಿ ವಂಶ ಸರಿಯಾಗಿದೆ, ರಕ್ತದಲ್ಲಿ ಎಲ್ಲೋ ಒಂದು ತಲೆಮಾರಿನಲ್ಲಿ ತಂದೆ ಬೇರೆ.

ಎರಡನೆಯದು ನಮ್ಮೂರ ಹತ್ತಿರದ್ದು. 2014ರ ಮೇ ತಿಂಗಳಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ದೇವನಾಗರಿಯಲ್ಲಿ ‘ರಾಮ’ ಎಂದು ಉಬ್ಬಿಸಿದ 41.2 ಗ್ರಾಂ ತೂಕದ ಚಿನ್ನದುಂಗುರ 1,45,000 ಪೌಂಡಿಗೆ ಹೋಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಬಿದ್ದ ಟಿಪ್ಪುವಿನ ಬೆರಳಿನಿಂದ ತೆಗೆದದ್ದು ಎಂದು ಅದರ ಹಿಂದಿನ ಮಾತು. ಬಂದದ್ದು ರಾಗ್ಲನ್ ಮನೆತನದ ಸಂಗ್ರಹದಿಂದ. ಆ ಮನೆತನದ ಮೊದಲ ಲಾರ್ಡ್ ಫಿಟ್ಜ್‌ರಾಯ್ ಸಾಮರ್ಸೆಟ್ ಹುಟ್ಟಿದ್ದು 1788ರಲ್ಲಿ, ಕೋಟೆ ಬಿದ್ದಾಗ ಹತ್ತು ವರ್ಷದ ಹುಡುಗ. ಮುಂದೆ ಅವನು, ಆ ಯುದ್ಧದಲ್ಲಿ ಬ್ರಿಟಿಷ್ ಪಡೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯ ಅಣ್ಣನ ಮಗಳನ್ನು ಮದುವೆಯಾದ. ಉಂಗುರ ಆ ದಾರಿಯಲ್ಲಿ ಬಂದಿರಬಹುದು. ಆದರೆ ಬೆರಳಿನಿಂದ ಮದುವೆಯವರೆಗಿನ ಹದಿನೈದು ವರ್ಷವನ್ನು ಯಾವ ಕಾಗದ ತುಂಬುತ್ತದೆ? ನಾನಾಗಿದ್ದರೆ ‘ರಾಮ’ ಎಂಬ ಎರಡಕ್ಷರದ ಬಗ್ಗೆ ಜಗಳಾಡುವ ಮೊದಲು ಆ ಹದಿನೈದು ವರ್ಷದ ಲೆಕ್ಕ ಕೇಳುತ್ತಿದ್ದೆ.

ಷೇಕ್ಸ್‌ಪಿಯರ್‌ನ ಉಯಿಲಿನಲ್ಲಿ ಹೊಡೆದುಹಾಕಿದ ಪದ ‘ಮುದ್ರೆ’. ‘ಇದಕ್ಕೆ ಸಾಕ್ಷಿಯಾಗಿ ನನ್ನ ಮುದ್ರೆ ಒತ್ತಿದ್ದೇನೆ’ ಎಂದು ಗುಮಾಸ್ತ ಬರೆದಿದ್ದನ್ನು ಅಳಿಸಿ ‘ಕೈ’ ಎಂದು ತಿದ್ದಿದ್ದಾರೆ, ಅಂದರೆ ಬರೀ ಸಹಿ. ಸುಮಾರು ಇನ್ನೂರು ವರ್ಷದ ಮೇಲೆ, 1810ರಲ್ಲಿ, ಸ್ಟ್ರಾಟ್‌ಫರ್ಡ್‌ನಲ್ಲಿ ಅವನನ್ನು ಹೂಳಿದ ಚರ್ಚಿನ ಪಕ್ಕದ ಹೊಲದಲ್ಲಿ ಕೂಲಿಯವನ ಹೆಂಡತಿಯೊಬ್ಬಳಿಗೆ ಚಿನ್ನದ ಮುದ್ರೆಯುಂಗುರ ಸಿಕ್ಕಿತು. ಅದರ ಮೇಲೆ ಡಬ್ಲ್ಯು ಮತ್ತು ಎಸ್ ಅಕ್ಷರಗಳು, ನಡುವೆ ಪ್ರೇಮಿಗಳ ಗಂಟು. ಉಯಿಲು ಬರೆಯುವ ಹೊತ್ತಿಗೆ ಉಂಗುರ ಕಳೆದಿತ್ತು, ಅದಕ್ಕೇ ಪದ ಹೊಡೆದರು ಎಂದು ಜನ ಕೂಡಲೇ ಜೋಡಿಸಿದರು. ಜೋಡಣೆ ಎಷ್ಟು ಚೆನ್ನಾಗಿದೆ ಅಂದರೆ ನನಗೂ ನಂಬುವ ಆಸೆ. ಆದರೆ ಅದೇ ಕಾಲದ ಸ್ಟ್ರಾಟ್‌ಫರ್ಡ್‌ನಲ್ಲಿ ವಿಲಿಯಂ ಸ್ಮಿತ್ ಎಂಬ ಬಟ್ಟೆ ವ್ಯಾಪಾರಿಯೂ ಇದ್ದ.